ರೊಟ್ಟಿಯಿಂದ ಕೆಂಪು ಬಾಳೆಯವರೆಗೆ

ಕಲಬುರಗಿಗೆ ಹಸಿದು ಬಂದ ಪರಸ್ಥಳದವನಿಗೆ ಊರವರು ಮೊದಲು ತೋರಿಸುವುದು ಖಾನಾವಳಿಯನ್ನು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ. ಜತೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ನೆಲದ ತೊಗರಿಬೇಳೆ. ಬಂದೇನವಾಜರ ದರ್ಗಾದತ್ತ ನಡೆದರೆ ತಹರಿಯ ಘಮ. ಶರಣಬಸವೇಶ್ವರರ ಗುಡಿಯಲ್ಲಿ ದಾಸೋಹದ ಪಂಕ್ತಿ.

ಊಟದ ಮೇಲಿನ ಹಣ್ಣಿಗೆ ಮಾತ್ರ ಹುಮನಾಬಾದಿನ ಹಾದಿ ಹಿಡಿದು, ಮಹಾಗಾಂವ ದಾಟಿ, ಕಮಲಾಪುರಕ್ಕೇ ಹೋಗಬೇಕು. ಅಲ್ಲಿಯದು ಕೆಂಪು ಬಾಳೆ. ಬೇರೆ ಬಾಳೆ ಸುಮಾರು ವರ್ಷಕ್ಕೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಅಷ್ಟು ಕಾಲ ನೀರುಣಿಸುವ ರೈತರು ಕಡಿಮೆಯಾಗುತ್ತಿದ್ದಾರೆ. ದರ ಕೇಳಿ ಹುಬ್ಬೇರಿಸುವವರು ಆ ಆರು ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಲಿ. ಕೊಳ್ಳುವ ಕೈ ಹಿಂಜರಿದರೆ ನೆಡುವ ಕೈಯೂ ಹಿಂಜರಿಯುತ್ತದೆ.