ವೇದಿಕೆಗೆ ನೆರಳು, ಮಕ್ಕಳಿಗೆ ಬಿಸಿಲು ಏಕೆ?

ಮಕ್ಕಳ ಪರೀಕ್ಷೆ ಮುಗಿದು ಎಪ್ರಿಲ್ ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಿಗೆ ಬಿಡುವಿಲ್ಲ. ಕ್ರೀಡಾಕೂಟ, ವಿಹಾರಕೂಟ, ವಾರ್ಷಿಕೋತ್ಸವ ಎಂದು ಒಂದರ ಹಿಂದೊಂದು ಕಾರ್ಯಕ್ರಮಗಳು. ಸಮಾಜ ಬಾಂಧವರು ಒಂದೆಡೆ ಸೇರುವುದು ಸಂತೋಷವೇ. ಆದರೆ ಬಿಸಿಲಿನ ಬಗ್ಗೆ ನಾವು ಯೋಚಿಸುತ್ತೇವೆಯೇ?

ಕೆಲವು ವರ್ಷಗಳ ಹಿಂದೆ ಒಂದು ಕ್ರೀಡಾಕೂಟದಲ್ಲಿ ಕಂಡದ್ದನ್ನು ಇನ್ನೂ ಮರೆತಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟನೆ ಬೆಳಗ್ಗೆ 9ಕ್ಕೆ ಎಂದಿತ್ತು. ಅತಿಥಿಗಳು ತಲುಪುವಾಗ 11 ಗಂಟೆ. ಅಲ್ಲಿಯ ತನಕ ಪಥಸಂಚಲನದ ಮಕ್ಕಳು ಬಿಸಿಲಲ್ಲೇ ಸಾಲಾಗಿ ನಿಂತಿದ್ದರು. ಸ್ವಾಗತ ಭಾಷಣದ ನಡುವೆ ಎಂಟು ವರ್ಷದ ಬಾಲಕಿಯೊಬ್ಬಳು ಕುಸಿದು ಬಿದ್ದಳು. ನೆರಳಿಗೆ ಒಯ್ದು ಉಪಚರಿಸಿದ ಮೇಲೆ ಚೇತರಿಸಿಕೊಂಡಳು. 'ಬೆಳಗ್ಗೆ ಏನೂ ತಿಂದಿರಲಿಕ್ಕಿಲ್ಲ' ಎಂದರು ಪದಾಧಿಕಾರಿಯೊಬ್ಬರು. ತಪ್ಪು ಮಗುವಿನದಾಯಿತು, ಕಾರ್ಯಕ್ರಮ ಮುಂದುವರಿಯಿತು.

ಎಲ್ಲರೂ ಅಷ್ಟು ಅದೃಷ್ಟವಂತರಲ್ಲ. 2023ರ ಎಪ್ರಿಲ್ 16ರಂದು ನವಿಮುಂಬಯಿಯ ಖಾರ್‌ಘರ್‌ನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ವೇದಿಕೆಗೆ ನೆರಳಿತ್ತು. ಲಕ್ಷಾಂತರ ಜನ ಮಾತ್ರ ಬಯಲಲ್ಲಿ ಗಂಟೆಗಟ್ಟಲೆ ಕುಳಿತಿದ್ದರು. ಬಿಸಿಲಾಘಾತಕ್ಕೆ 14 ಮಂದಿ ಬಲಿಯಾದರು. ಅಂದು ಆ ಪರಿಸರದ ತಾಪಮಾನ ಸುಮಾರು 38 ಡಿಗ್ರಿ.

'ಇದೇನು ದಿಲ್ಲಿಯೇ, ನಾಗಪುರವೇ?' ಎಂದು ಕೇಳುವವರಿದ್ದಾರೆ. ಮುಂಬಯಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಸುರಿದರೂ ಆರುವುದಿಲ್ಲ, ಆರದೆ ಮೈ ತಣಿಯುವುದಿಲ್ಲ. ಆದ್ದರಿಂದಲೇ ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿಯಿಂದ ಬಿಸಿಗಾಳಿಯನ್ನು ಪರಿಗಣಿಸಿದರೆ ಕರಾವಳಿಗೆ 37 ಡಿಗ್ರಿಯಿಂದಲೇ ಪರಿಗಣಿಸುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಆಟದ ಗುಂಗಿನಲ್ಲಿ ಅವರು ನೀರು ಕೇಳುವುದನ್ನೂ ಮರೆಯುತ್ತಾರೆ.

ಹಾಗೆಂದು ಕಾರ್ಯಕ್ರಮಗಳೇ ಬೇಡ ಎನ್ನುತ್ತಿಲ್ಲ. ಮೈದಾನದ ಸ್ಪರ್ಧೆಗಳನ್ನು ಡಿಸೆಂಬರ್-ಜನವರಿಗೆ ಇಡಬಹುದು. ಬೇಸಗೆಯಲ್ಲೇ ಆಗಬೇಕಿದ್ದರೆ ಬೆಳಗ್ಗೆ 10ರೊಳಗೆ ಮುಗಿಸಿ, ಇಲ್ಲವೇ ಸಂಜೆ 4ರ ಬಳಿಕ ಆರಂಭಿಸಿ. ಶಾಲು, ಹಾರ, ಸ್ಮರಣಿಕೆಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಮಕ್ಕಳ ತಲೆಯ ಮೇಲೊಂದು ಚಪ್ಪರ, ಕೈಗೊಂದು ಲೋಟ ಮಜ್ಜಿಗೆ ಅಥವಾ ಪುನರ್ಪುಳಿ ಶರಬತ್ತು ಸಿಗುತ್ತದೆ. ಹೆತ್ತವರೂ ಮಕ್ಕಳಿಗೆ ಸಡಿಲ ಹತ್ತಿಬಟ್ಟೆ, ಟೊಪ್ಪಿ ಹಾಕಿಸಲಿ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಒಂದು ನಿಮಿಷವೂ ಬಿಡಬಾರದು.

ತಲೆಸುತ್ತು, ವಾಂತಿ ಕಂಡರೆ ಕೂಡಲೇ ನೆರಳಿಗೆ ಒಯ್ಯಿರಿ. ಮೈ ಸುಡುತ್ತಾ ಮಗು ತಡಬಡಿಸಿ ಮಾತಾಡಿದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಮೈಗೆ ತಣ್ಣೀರು ಹಾಕುತ್ತಾ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಮದ್ದಲ್ಲ.

ಪದಾಧಿಕಾರಿ ಬಂಧುಗಳೇ, ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಡಿ. ಅತಿಥಿಗಳು ತಡವಾದರೆ ದೀಪ ಕಾಯಲಿ, ಮಕ್ಕಳು ಬಿಸಿಲಲ್ಲಿ ಕಾಯುವುದು ಬೇಡ.