ದುಂಬಿಯನ್ನು ಕೊಲ್ಲುವಾಗ ದುಂಬಿಯನ್ನು ಉಳಿಸುವುದು

ನಮ್ಮ ಕಾವ್ಯದ ದುಂಬಿ ಹೂವಿನ ಬಂಧು; ಮಧುವನ್ನರಸಿ ಬರುವುದು, ಝೇಂಕರಿಸುವುದು ಅದರ ಕಾಯಕ. ಕೃಷಿ ಪುಸ್ತಕಗಳ ದುಂಬಿ ಬೇರೆ. ಗಟ್ಟಿ ರೆಕ್ಕೆಯ ಆ ಕೀಟಗಳಲ್ಲಿ ಹಲವಕ್ಕೆ ಮಧುವಿಗಿಂತ ಎಲೆಯೇ ಪ್ರಿಯ. ಯುರೋಪು ಮತ್ತು ಉತ್ತರ ಅಮೆರಿಕದ ಲಿಲ್ಲಿ ತೋಟಗಳನ್ನು ಕಾಡುವ ಕೆಂಪು ದುಂಬಿ ಈ ಎರಡನೆಯ ಕುಲದ್ದು. ಒಂದನ್ನು ಕೊಲ್ಲಲು ಹೊರಟವರು ಇನ್ನೊಂದನ್ನು ಉಳಿಸಬಲ್ಲರೇ ಎಂಬುದೇ ನಮ್ಮ ಪ್ರಶ್ನೆ.

ಸುಮಾರು ಎಂಟು ಮಿಲಿಮೀಟರ್ ಉದ್ದದ ಈ ಕೀಟ ನೋಡಲು ಬಲು ಅಂದ. ಮೈಯೆಲ್ಲ ಅರಗಿನ ಕೆಂಪು. ಕೈ ಚಾಚಿದೊಡನೆ ಎಲೆಯಿಂದ ಕಳಚಿ ಬೀಳುತ್ತದೆ. ಕಪ್ಪು ಹೊಟ್ಟೆಯನ್ನು ಮೇಲೆ ಮಾಡಿ ಮಣ್ಣಿನ ಬಣ್ಣದಲ್ಲಿ ಮರೆಯಾಗುತ್ತದೆ. ಎಲೆಯ ಅಡಿಯಲ್ಲಿ ಸಾಲಾಗಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ತಮ್ಮ ಮಲವನ್ನೇ ಬೆನ್ನಿಗೆ ಹೊದ್ದು ವೈರಿಗಳಿಂದ ತಪ್ಪಿಸಿಕೊಳ್ಳುತ್ತ, ಎಲೆಗಳನ್ನು ತಿಂದು ಗಿಡವನ್ನು ಬರಿಯ ಕಡ್ಡಿಯಾಗಿಸುತ್ತವೆ.

ಇದಕ್ಕೆ ಸುಲಭವಾಗಿ ಸಿಗುವ ಉತ್ತರ ವಿಷ. ಇಮಿಡಾಕ್ಲೋಪ್ರಿಡ್‌ನಂಥ ರಾಸಾಯನಿಕ ಗಿಡದ ರಸದಲ್ಲಿ ಸೇರಿ, ಎಲೆಯಿಂದ ಮಕರಂದ ಮತ್ತು ಪರಾಗಕ್ಕೂ ಹರಿಯುತ್ತದೆ. ಎಲೆ ತಿಂದ ಹುಳುವಿನೊಡನೆ ಹೂವಿಗೆ ಬಂದ ಜೇನುನೊಣವೂ ದಂಡ ತೆರುತ್ತದೆ. ಈ ಕಾರಣಕ್ಕಾಗಿಯೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳ ಮೇಲೆ ಇದರ ಬಳಕೆಯನ್ನು ನಿಷೇಧಿಸಿತು. ಹೂವನ್ನು ಉಳಿಸುವ ನೆಪದಲ್ಲಿ ಹೂವಿನ ಬಂಧುವನ್ನೇ ಕೊಲ್ಲುವುದು ಯಾವ ನ್ಯಾಯ?

ಬೇರೆ ದಾರಿಗಳುಂಟು. ವಸಂತದ ಆರಂಭದಿಂದಲೇ ಎಲೆಯ ಅಡಿಯನ್ನು ನೋಡಿ ಮೊಟ್ಟೆಗಳನ್ನು ಹೊಸಕುವುದು, ಗಿಡದ ಕೆಳಗೆ ಬಟ್ಟಲು ಹಿಡಿದು ಬೀಳುವ ದುಂಬಿಯನ್ನು ಸೋಪಿನ ನೀರಿಗೆ ಹಾಕುವುದು, ಎಳೆಯ ಮರಿಹುಳುಗಳಿಗೆ ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸುವುದು. ಬೇವನ್ನೂ ಜೇನುನೊಣ ಹಾರಾಡದ ಸಂಜೆಯಲ್ಲಿ ಬಳಸುವುದು ಲೇಸು.

ಇದಕ್ಕಿಂತ ದೀರ್ಘವಾದ ದಾರಿಯೊಂದನ್ನು ರೋಡ್ ಐಲೆಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದ್ದಾರೆ. ಯುರೋಪಿನಿಂದ ಅಮೆರಿಕಕ್ಕೆ ಬಂದ ದುಂಬಿ ತನ್ನ ಸಹಜ ಶತ್ರುಗಳನ್ನು ಹಿಂದೆ ಬಿಟ್ಟು ಬಂದಿತ್ತು. ಅದರ ಮರಿಹುಳುವಿನೊಳಗೆ ಮೊಟ್ಟೆಯಿಡುವ ಸಣ್ಣ ಕಣಜವನ್ನು ಯುರೋಪಿನಿಂದ ತರಿಸಿ 1999ರಿಂದ ತೋಟಗಳಲ್ಲಿ ಬಿಡಲಾಯಿತು. ಕಣಜ ನೆಲೆಯೂರಿದೆಡೆ ವರ್ಷಗಳು ಕಳೆದಂತೆ ದುಂಬಿಯ ಹಾವಳಿ ತಗ್ಗಿತು. ನಮ್ಮಲ್ಲಿಯೂ ಇದಕ್ಕೆ ನಿದರ್ಶನವಿದೆ: ಪಪ್ಪಾಯಿ ತೋಟಗಳನ್ನು ಹಾಳುಗೆಡಹಿದ ಹಿಟ್ಟು ತಿಗಣೆಯನ್ನು ಮಣಿಸಲು 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಪರಾವಲಂಬಿ ಕಣಜವನ್ನು ತರಿಸಿತು.

ಕೈಯಿಂದ ಹುಳು ಹೆಕ್ಕುವುದು ಎಕರೆಗಟ್ಟಲೆ ಬೆಳೆಯುವ ರೈತನಿಗೆ ಆಗದ ಮಾತೆಂದು ಯಾರಾದರೂ ಹೇಳಬಹುದು; ನಿಜ. ಅವನಿಗೆ ಬೆಳೆಯೇ ಬದುಕು, ಅವನ ಲೆಕ್ಕ ಬೇರೆ. ಮುಂಬಯಿಯಲ್ಲೋ ಪುಣೆಯಲ್ಲೋ ಬಾಲ್ಕನಿಯಲ್ಲಿ ಹತ್ತು ಕುಂಡ ಇಟ್ಟುಕೊಂಡ ನಮಗೆ ಆ ನೆಪವಿಲ್ಲ. ನಮ್ಮ ಸ್ಪೈಡರ್ ಲಿಲ್ಲಿ, ಅಮರಿಲ್ಲಿಸ್‌ಗಳನ್ನು ತಿನ್ನುವುದು ಹೆಚ್ಚಾಗಿ ಚುಕ್ಕೆಚುಕ್ಕೆಯ ಕಂಬಳಿಹುಳುವಿನಂಥ ಪತಂಗದ ಮರಿ. ಅದೂ ಗುಂಪುಗುಂಪಾಗಿ ಕಣ್ಣಿಗೆ ಬೀಳುವಂಥದೇ. ಅಂಗಡಿಯ ವಿಷದ ಶೀಶೆಗೆ ಕೈಯೊಡ್ಡುವ ಮೊದಲು ದಿನಕ್ಕೆ ಐದು ನಿಮಿಷ ಎಲೆ ತಿರುವಿ ನೋಡೋಣ. ನಾಲ್ಕು ಎಲೆ ತೂತಾದರೂ ಚಿಂತೆಯಿಲ್ಲ, ಹೂವಿಗೆ ಬರುವ ಅತಿಥಿ ಬದುಕಿ ಮರಳಲಿ.