ಎಳೆಯ ಕಡೆಗೆ ಬಾಗಿದ ಬೆನ್ನು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಕೂಗಳತೆಯ ದೂರದಲ್ಲಿರುವ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವನಿಗೆ, ಬೆಂದ ಗೂಡಿನ ವಾಸನೆ ಮೂಗಿಗೆ ಬಡಿದ ಮರುಗಳಿಗೆಯೇ, ತಗಡಿನ ಮಾಡಿನ ಕೆಳಗೆ, ಹಬೆಯಾಡುವ ಬೇಸಿನ್ನುಗಳ ಮುಂದೆ ಸಾಲಾಗಿ ಬಾಗಿದ ಬೆನ್ನುಗಳು ಕಣ್ಣಿಗೆ ಬೀಳುತ್ತವೆ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ, ಕಂಡೂ ಕಾಣದಂತಿರುವ ಎಳೆಯ ತುದಿಯನ್ನು ಬೆರಳಿನಿಂದ ಹೆಕ್ಕಿ, ಕೆಲವನ್ನು ಒಂದುಗೂಡಿಸಿ, ತಿರುಗುವ ರಾಟೆಗೆ ಒಪ್ಪಿಸುವ ಈ ನೂಲು ಬಿಚ್ಚುವ ಕೆಲಸದಲ್ಲಿ ಕಣ್ಣು ನೀರನ್ನು ಬಿಟ್ಟು ಕದಲುವಂತಿಲ್ಲ. ಕಣ್ಣು ಹೋದಲ್ಲಿಗೆ ಕತ್ತು, ಕತ್ತು ಹೋದಲ್ಲಿಗೆ ಬೆನ್ನು. ಈಚೆಗೆ ಅಲ್ಲಿಯ ಒಬ್ಬ ವೃದ್ಧೆಯನ್ನು, ಎಲ್ಲ ಬಲ್ಲವನ ಗತ್ತಿನಿಂದ, "ಸ್ವಲ್ಪ ನೆಟ್ಟಗೆ ಕೂರಬಾರದೆ, ಅಜ್ಜಿ?" ಎಂದು ಕೇಳಿದೆ. ಆಕೆ ತಲೆಯೆತ್ತದೆಯೇ, "ನೆಟ್ಟಗೆ ಕೂತ್ರೆ ಎಳೆ ಕಾಣಕಿಲ್ಲ ಕಣಪ್ಪ" ಎಂದರು.

ಶರೀರದ ನಿಲವನ್ನು ತಿದ್ದುವ ಸಾಧನವೆಂದು ಬೆಂಗಳೂರಿನ ತಂಪುಕೊಠಡಿಗಳಲ್ಲಿ, ಗೋಡೆಗನ್ನಡಿಗಳ ಮುಂದೆ, ಅಲ್ಪವಲ್ಲದ ಶುಲ್ಕವನ್ನು ತೆತ್ತು ಜನ ಅಭ್ಯಸಿಸುತ್ತಿರುವ ಪಿಲಾಟೆಸ್ ಎಂಬ ವ್ಯಾಯಾಮಪದ್ಧತಿಯ ಬಗೆಗೆ, ಆ ಮಾತನ್ನು ಕೇಳುವತನಕ ನನಗಿದ್ದ ಉತ್ಸಾಹ ಬೇರೆ, ಕೇಳಿದ ಮೇಲೆ ಉಳಿದ ಉತ್ಸಾಹ ಬೇರೆ. ಪದ್ಧತಿಯಲ್ಲಿ ದೋಷವಿದೆಯೆಂದಲ್ಲ. ಅದರ ಕರ್ತೃವಾದ ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಉಬ್ಬಸವೇ ಮೊದಲಾದ ವ್ಯಾಧಿಗಳಿಂದ ನರಳಿದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದ ಪ್ರಜೆಯೆಂಬ ಕಾರಣಕ್ಕೆ ಬ್ರಿಟಿಷರು ಅವನನ್ನು ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದಾಗ, ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗುಗಳನ್ನು ಬಿಗಿದು, ಮಲಗಿದಲ್ಲಿಯೇ ಅವರ ಅಂಗಾಂಗಗಳಿಗೆ ಕಸುವು ಬರುವಂತೆ ಮಾಡಿದನೆಂಬುದು ರೂಢಿಯಲ್ಲಿರುವ ಕಥೆ. ತರುವಾಯ ನ್ಯೂಯಾರ್ಕಿನಲ್ಲಿ ನೆಲೆಸಿ, 1945ರ ತನ್ನ ಪುಸ್ತಕದಲ್ಲಿ, ಚಾಪೆಯೊಂದರ ಹೊರತು ಬೇರೇನನ್ನೂ ಬೇಡದ 34 ವ್ಯಾಯಾಮಗಳನ್ನು ವಿವರಿಸಿದನು. ನಮ್ಮ ಕಡೆಯಲ್ಲಿಯೂ ಇದಕ್ಕೆ ಸಾಟಿಯಾದ ವೃತ್ತಾಂತವುಂಟು: 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಕ್ಷಯವೇ ಮುಂತಾದ ರೋಗಗಳಿಂದ ಸೊರಗಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಯೋಗವನ್ನು ಕಲಿತ ಬಿ.ಕೆ.ಎಸ್. ಅಯ್ಯಂಗಾರ್ಯರು, ದುರ್ಬಲರಿಗೂ ಆಸನಗಳು ಎಟುಕುವಂತೆ ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳನ್ನು ಬಳಸಿದರು. ರೋಗಿಗಳಾಗಿ ಬೆಳೆದ ಈ ಇಬ್ಬರೂ ಕಂಡುಕೊಂಡ ವಿದ್ಯೆ ಬಲಿಷ್ಠರ ಅಲಂಕಾರಕ್ಕಾಗಿ ಹುಟ್ಟಿದುದಲ್ಲವೆಂಬುದನ್ನು ನಾವು ಬಹುಬೇಗ ಮರೆತೆವು.

ಪಿಲಾಟೆಸ್ಸಿನ ತಿರುಳನ್ನು ಹೇಳಲು ಕನ್ನಡದಲ್ಲಿ ಹೊಸ ಪದವನ್ನು ಟಂಕಿಸಬೇಕಾಗಿಲ್ಲ. ಟೊಂಕ ಕಟ್ಟಿ ನಿಲ್ಲುವುದೆಂದು ನಾವು ಹೇಳುತ್ತೇವಲ್ಲ, ಮೂಟೆ ಎತ್ತುವ ಮುನ್ನ ಹಮಾಲಿಯವನು ಟವೆಲನ್ನು ನಡುವಿಗೆ ಬಿಗಿಯುತ್ತಾನಲ್ಲ, ಆ ಕಟ್ಟನ್ನು ಬಟ್ಟೆಯಿಂದಲ್ಲದೆ ಹೊಟ್ಟೆಯ ಒಳಪದರದ ಸ್ನಾಯುಗಳಿಂದಲೇ ಕಟ್ಟಿಕೊಳ್ಳುವ ಅಭ್ಯಾಸವಿದು. ಅಂಗಾತ ಮಲಗಿ, ಮಂಡಿಗಳನ್ನು ಮಡಿಸಿ, ಉಸಿರು ಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆಗೆ ಮೆಲ್ಲನೆ ಸೆಳೆದುಕೊಂಡು, ಬಾಲದ ಮೂಳೆಯಿಂದ ಮೊದಲುಮಾಡಿ ಒಂದೊಂದೇ ಕಶೇರುವನ್ನು ನೆಲದಿಂದ ಬಿಡಿಸುತ್ತ ಸೊಂಟವನ್ನು ಮೇಲೆತ್ತಿ, ಹಾಗೆಯೇ ಒಂದೊಂದಾಗಿ ಇಳಿಸಬೇಕು. ನೋಡುವವರಿಗೆ ಏನೂ ಅಲ್ಲ. ಅವಸರವಿಲ್ಲದೆ ಹತ್ತು ಸಲ ಮಾಡಿದವನಿಗೆ ಗೊತ್ತು. ದೇಹ ಸದಾ ಕಂಬದಂತೆ ಸೆಟೆದಿರಬೇಕೆಂಬುದು ಇದರ ಉದ್ದೇಶವಲ್ಲ. ಬಾಗಿದ ಬೆನ್ನು ಬಾಗಿದಲ್ಲಿಯೇ ನಿಂತುಹೋಗದೆ ಮರಳಿ ಬರುವ ಶಕ್ತಿಯನ್ನು ಉಳಿಸಿಕೊಳ್ಳುವುದು ಉದ್ದೇಶ. ಹಾಗೆಂದು ಸಂಜೀವಿನಿಯೂ ಅಲ್ಲ: ದೀರ್ಘಕಾಲದ ಸೊಂಟನೋವಿನ ವಿಷಯದಲ್ಲಿ ಏನೂ ಮಾಡದಿರುವುದಕ್ಕಿಂತ ಇದು ಮೇಲೆಂದೂ, ಇತರ ವ್ಯಾಯಾಮಗಳಿಗಿಂತ ಮೇಲೆನ್ನಲು ಪ್ರಬಲವಾದ ಆಧಾರವಿಲ್ಲವೆಂದೂ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಹೇಳಿತು. ಮೂಳೆ ಸವೆದ ವೃದ್ಧರಂತೂ ಮುಂದಕ್ಕೆ ಬಾಗುವ ವ್ಯಾಯಾಮಗಳನ್ನು ವೈದ್ಯರನ್ನು ಕೇಳದೆ ಮಾಡತಕ್ಕದ್ದಲ್ಲ.

ಚನ್ನಪಟ್ಟಣದ ಕುಶಲಕರ್ಮಿಗೆ ಪಿಲಾಟೆಸ್ಸಿನ ದುಬಾರಿ ಯಂತ್ರವನ್ನು ತೋರಿಸಿದರೆ ನಕ್ಕಾನು. ಮರದ ಚೌಕಟ್ಟು, ಜಾರುವ ಹಲಗೆ, ನಾಲ್ಕಾರು ಸ್ಪ್ರಿಂಗು, ಎರಡು ಪಟ್ಟಿ: ಆಲೆಮರವನ್ನು ಕಡೆದು, ತಿರುಗುವ ಬೊಂಬೆಗೆ ಅರಗನ್ನು ಒತ್ತಿ, ಆ ಘರ್ಷಣೆಯ ಬಿಸಿಯಿಂದಲೇ ಬಣ್ಣವನ್ನು ಕರಗಿಸಿ ಹಚ್ಚಬಲ್ಲ ಕೈಗೆ ಇದಾವ ಲೆಕ್ಕ? ಆದರೆ ಅದೇ ಕೈಯ ಒಡೆಯ ದಿನವಿಡೀ ಒಂದೇ ಮಗ್ಗುಲಿಗೆ ವಾಲಿ, ಉಳಿಯ ತುದಿಗೆ ದೃಷ್ಟಿ ನೆಟ್ಟು, ಸಂಜೆ ಏಳುವಾಗ ಗೋಡೆಯನ್ನು ಹಿಡಿದು ಏಳುತ್ತಾನೆ. ಕನಕಪುರದ ಕಲ್ಲುಕೆಲಸದವರ ನಡು, ಮಾಗಡಿಯಿಂದ ಬೆಳಗಾಗುವ ಮೊದಲೇ ಬಸ್ಸು ಹತ್ತಿ ಬೆಂಗಳೂರಿಗೆ ದುಡಿಯಹೋಗುವವರ ಕತ್ತು, ಇವುಗಳ ಕಥೆಯೂ ಬೇರೆಯಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಗಾದೆ ಕೇಳುತ್ತದೆ. ಮೈಸೂರು ರೈಲಿನಲ್ಲಿ ಮೊಬೈಲಿನ ಮೇಲೆ ಬಾಗಿದ ಹುಡುಗರನ್ನು ಕಂಡಾಗ, ಗಿಡ ಬಗ್ಗುವುದರ ಚಿಂತೆ ನಮಗೆ ಬೇಡವೆನಿಸುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಈ ವಿದ್ಯೆ ಶುಲ್ಕ ತೆರಬಲ್ಲವರ ಕೊಠಡಿಯಿಂದ ಹೊರಟು, ಕೆಲಸವೇ ಬೆನ್ನನ್ನು ಬಾಗಿಸುವ ಮಂದಿಯ ಬಳಿಗೆ, ಆರೋಗ್ಯಕೇಂದ್ರದ ಜಗಲಿಗೋ ಹಳೆಯ ಗರಡಿಮನೆಗೋ ಬರಬೇಕು; ಆದರೆ ಒಂಟಿಯಾಗಿ ಬರಬಾರದು. ಹತ್ತು ಗಂಟೆ ಬಗ್ಗಿಸುವ ಬೇಸಿನ್ನನ್ನು ಹಾಗೆಯೇ ಬಿಟ್ಟು ಅರ್ಧ ಗಂಟೆಯ ವ್ಯಾಯಾಮವನ್ನು ಬೋಧಿಸುವುದು, ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಬೇಸಿನ್ನಿನ ಎತ್ತರ, ಅದರ ಮೇಲೆ ಬೀಳುವ ಬೆಳಕು, ಕೂರುವ ಮಣೆ, ಈ ಮೂರನ್ನು ತಿದ್ದಿದ ಮೇಲೆಯೇ ದೇಹವನ್ನು ತಿದ್ದುವ ಮಾತಿಗೆ ಅರ್ಥ. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬದಲಿಸಲು ಪಟ್ಟ ಶ್ರಮದಲ್ಲಿ ಸಾಸಿವೆಯಷ್ಟು ಇದಕ್ಕೆ ಸಾಕಾಗಿತ್ತು.

ಅಂದು ಹೊರಡುವ ಮುನ್ನ ಆ ಅಜ್ಜಿಗೆ ಸೊಂಟವೆತ್ತುವ ವ್ಯಾಯಾಮವನ್ನು, ಕೈಸನ್ನೆಯಿಂದಲೇ ಸಾಧ್ಯವಾದಷ್ಟು, ವಿವರಿಸಿದೆ. ಪೂರ್ತಿ ಕೇಳಿದರು. ಆಮೇಲೆ ಸೆರಗಿನಿಂದ ಬೆರಳುಗಳನ್ನು ಒರೆಸಿಕೊಂಡು, "ಮಲಗಾಕೆ ಜಾಗ ಎಲ್ಲೈತಪ್ಪ ಇಲ್ಲಿ?" ಎಂದರು. ಸುತ್ತ ನೋಡಿದೆ. ಬೇಸಿನ್ನಿನಿಂದ ಬೇಸಿನ್ನಿಗೆ ಒಂದು ಚಾಪೆಯ ಅಗಲವೂ ಇರಲಿಲ್ಲ, ನೆಲವೆಲ್ಲ ನೀರು, ಒಣಗಿದ್ದ ಒಂದು ಮೂಲೆಯಲ್ಲಿ ಗೂಡಿನ ಮೂಟೆಗಳಿದ್ದುವು.